ಹೆಂಚಿನ ಕಾರ್ಖಾನೆಯ ಹೊಂಡಕ್ಕೆ ಬಣ್ಣದ ಗಿಡ ನೆಡಿಸುವ ಮೊದಲು

ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಮಣ್ಣಿನ ಹೊಂಡವನ್ನು ಕೆರೆಯಾಗಿ ಉಳಿಸಿಕೊಳ್ಳಲು ಹೊರಟಿರುವ ಊರಿನವರು, ಅದರಲ್ಲೂ ಸುತ್ತ ಬಣ್ಣಬಣ್ಣದ ಗಿಡ ನೆಟ್ಟು ಒಂದೇ ಮಳೆಗಾಲದಲ್ಲಿ ಉದ್ಯಾನ ಮಾಡಿಕೊಡುತ್ತೇವೆ ಎನ್ನುವ ಗುತ್ತಿಗೆದಾರರೊಡನೆ ಮಾತುಕತೆಯಲ್ಲಿರುವವರು, ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ವಿನಂತಿ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ನಮ್ಮ ಊರಿನಲ್ಲಿ ಅಂತಹ ಕೆಲಸ ನಡೆದು, ದಂಡೆ ಕುಸಿದು, ಮೀನು ಸತ್ತು, ಬಡವರ ಮನೆಯ ಆಡೊಂದು ಬಲಿಯಾಯಿತು.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿದಾಗ, ಅದಕ್ಕೆ ಬೇಕಾದ ಜೇಡಿಮಣ್ಣು ಬಂದದ್ದು ಹೊಳೆಬದಿಯಿಂದ ಮತ್ತು ಗದ್ದೆಗಳಿಂದ. ಹಾಗೆ ತೆಗೆದ ಹೊಂಡಗಳ ಬದಿ ನೆಟ್ಟಗಿರುತ್ತದೆ, ತಳ ನೀರನ್ನು ಸುಲಭವಾಗಿ ಇಂಗಗೊಡುವುದಿಲ್ಲ. ಆದ್ದರಿಂದಲೇ ಬೇಸಿಗೆಯಲ್ಲೂ ಅಲ್ಲಿ ನೀರು ನಿಲ್ಲುತ್ತದೆ, ಆದ್ದರಿಂದಲೇ ಅದರ ದಂಡೆಯಲ್ಲಿ ಗಿಡ ನೆಡುವುದು ಮನೆಯಂಗಳದಲ್ಲಿ ನೆಟ್ಟಷ್ಟು ಸುಲಭವಲ್ಲ. ನಮ್ಮಲ್ಲಿಗೆ ಬಂದ ಗುತ್ತಿಗೆದಾರರಿಗೆ ಇದು ತಿಳಿದಿರಲಿಲ್ಲವೋ, ತಿಳಿದೂ ಲೆಕ್ಕಕ್ಕೆ ಹಿಡಿಯಲಿಲ್ಲವೋ, ನಾನು ಹೇಳಲಾರೆ. ದಂಡೆಯ ಗಟ್ಟಿತನದ ಬಗ್ಗೆ ಕೇಳಿದಾಗ ಸಿಕ್ಕಿದ ಉತ್ತರ, "ಮಾಸ್ಟ್ರೇ, ನೀವು ಸುಮ್ಮನೆ ನೋಡ್ತಾ ಇರಿ, ಊಟಿಯೇ ಇಲ್ಲಿಗೆ ಬರ್ತದೆ" ಎಂಬುದಷ್ಟೆ.

ಜೇಡಿಮಣ್ಣಿನಲ್ಲಿ ಗಿಡ ಬೇಗ ಚಿಗುರುವುದಿಲ್ಲವೆಂದು ಅವರು ಗುಡ್ಡೆಯ ಕೆಂಪುಮಣ್ಣನ್ನು ಟಿಪ್ಪರಿನಲ್ಲಿ ತರಿಸಿ ಇಳಿಜಾರಿನ ಮೇಲೆ ದಪ್ಪಗೆ ಹರಡಿಸಿದರು. ಮೇ ತಿಂಗಳ ಕೊನೆಗೆ ಅದರಲ್ಲಿ ಗುಂಡಿ ತೋಡಿ ನರ್ಸರಿಯ ಗಿಡಗಳನ್ನು ಒತ್ತೊತ್ತಾಗಿ ನೆಡಿಸಿದರು. ಜೂನಿನ ಮಳೆ ಹಿಡಿದಾಗ ಏನಾಯಿತೆಂದರೆ, ಸಡಿಲವಾದ ಕೆಂಪುಮಣ್ಣು ನೀರನ್ನೆಲ್ಲ ಕುಡಿಯಿತು, ಕೆಳಗಿನ ಜೇಡಿ ಅದನ್ನು ಒಳಗೆ ಬಿಡಲಿಲ್ಲ, ಎರಡರ ನಡುವೆ ನೀರಿನ ಪೊರೆಯೊಂದು ಕಟ್ಟಿಕೊಂಡು ಮೇಲಿನ ಪದರ ಗಿಡಗಳ ಸಮೇತ ಜಾರಿ ಹೊಂಡಕ್ಕಿಳಿಯಿತು. ಮಳೆ ಬಿಟ್ಟಾಗ ಹೋಗಿ ನೋಡಿದರೆ ಪಾಲಿಥೀನ್ ಚೀಲವನ್ನೂ ಪೂರ್ತಿ ಬಿಡಿಸದೆ ನೆಟ್ಟಿದ್ದ ಕ್ರೋಟನ್ ಗಿಡಗಳು ಬೇರು ಮೇಲಾಗಿ ತೇಲುತ್ತಿದ್ದವು, ಉಳಿದ ದಂಡೆಯಲ್ಲಿ ಬೆರಳು ತೂರುವಷ್ಟು ಅಗಲದ ಬಿರುಕುಗಳಿದ್ದವು. ಶಾಲೆಗೆ ಹೋಗುವ ಮಕ್ಕಳು ಅದೇ ದಂಡೆಯ ಮೇಲೆ ನಡೆಯುತ್ತಾರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಣ್ಣಿನ ಜೊತೆಗೆ ಗಿಡಗಳ ಬುಡಕ್ಕೆ ಧಾರಾಳವಾಗಿ ಸುರಿದಿದ್ದ ರಾಸಾಯನಿಕ ಗೊಬ್ಬರವೂ ನೀರಿಗಿಳಿಯಿತು. ಮಳೆ ಕಡಿಮೆಯಾಗಿ ಬಿಸಿಲು ಬಲಿತಂತೆ ನೀರು ಹಸಿರು ಬಣ್ಣಕ್ಕೆ ತಿರುಗಿತು. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ತಾನು ಬಳಸಿಕೊಳ್ಳುವುದರಿಂದ, ಬೆಳಗಾಗುವಷ್ಟರಲ್ಲಿ ಊರಿನ ಹುಡುಗರು ಸಾಕಿದ್ದ ಕಾಟ್ಲಾ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡಿ ಸತ್ತವು. ಮೇಲೆ ಬಂದು ಗಾಳಿ ಹೀರಬಲ್ಲ ಮುಗುಡು ಮಾತ್ರ ಉಳಿಯಿತು.

ಎಲ್ಲಕ್ಕಿಂತ ಬೇಸರದ ಸಂಗತಿ ಗಿಡಗಳ ಆಯ್ಕೆ. ದಂಡೆಯುದ್ದಕ್ಕೂ ನೆಟ್ಟದ್ದು ಗುಲಾಬಿ ಮತ್ತು ಕೆಂಪು ಕಣಗಿಲೆ. ಮಲಯಾಳದವರು ಅರಳಿ ಎನ್ನುವ ಈ ಗಿಡದ ಎಲೆ, ಹೂ, ಕಾಂಡ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಇದರ ಹೂವನ್ನು ನೈವೇದ್ಯ ಮತ್ತು ಪ್ರಸಾದದಲ್ಲಿ ಬಳಸಬಾರದೆಂದು ಕೇರಳದ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಿದಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು 2024ರ ಮೇ ತಿಂಗಳಲ್ಲಿ ನಿರ್ಧರಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆದರೂ ಆಡು ದನ ಮೇಯುವ ಜಾಗದಲ್ಲಿ ಅದನ್ನೇ ಸಾಲಾಗಿ ನೆಡಲು ಅವರಿಗೆ ಸಂಕೋಚವಾಗಲಿಲ್ಲ. ಹಸಿ ಕಣಗಿಲೆಯನ್ನು ಆಡು ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಆದರೆ ಸವರಿದ ಗೆಲ್ಲುಗಳನ್ನು ಕೆಲಸದವರು ಅಲ್ಲೇ ರಾಶಿ ಹಾಕಿ ಹೋದರು, ಒಣಗಿದ ಎಲೆಯ ಕಹಿ ಆಡಿಗೆ ತಿಳಿಯಲಿಲ್ಲ, ವಿಷ ಮಾತ್ರ ಹಾಗೆಯೇ ಇತ್ತು. ತೋಡಿನಾಚೆಯ ಮನೆಯ ಅಕ್ಕನ ಆಡು ಜೊಲ್ಲು ಸುರಿಸಿ, ಕಾಲು ತಡವರಿಸಿ, ಪಶುವೈದ್ಯರು ಬಂದು ತಲುಪುವ ಮೊದಲೇ ಬಿದ್ದುಹೋಯಿತು. ಪರಿಹಾರ ಕೇಳಿದಾಗ ಆಡನ್ನು ಕಟ್ಟಿ ಸಾಕಬೇಕಿತ್ತು ಎಂಬ ಉಪದೇಶ ಸಿಕ್ಕಿತು.

ಹಳದಿ ಹೂವಿನ ವೆಡೇಲಿಯವನ್ನು ನೆಲಹಾಸಾಗಿ ಹಬ್ಬಿಸಿದ್ದು ಇನ್ನೊಂದು ಅವಾಂತರ. ಅದರ ಒಂದೊಂದು ಗಂಟೂ ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದೆ, ತುಂಡಾದ ಬಳ್ಳಿ ನೀರಿನಲ್ಲಿ ಹರಿದು ಹೋಗಿ ಸೇರಿದಲ್ಲಿ ಹೊಸದಾಗಿ ಹುಟ್ಟುತ್ತದೆ, ಈಗ ಅದು ಕೆಳಗಿನ ಅಡಿಕೆ ತೋಟಕ್ಕೂ ಇಳಿದಿದೆ. ಕಳೆನಾಶಕ ಹೊಡೆಯೋಣವೆಂಬ ಸಲಹೆಯೂ ಅದೇ ಗುತ್ತಿಗೆದಾರರಿಂದ ಬಂತು. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆಯಲ್ಲಿ, ಸುತ್ತ ಕುಡಿಯುವ ನೀರಿನ ಬಾವಿಗಳಿರುವಲ್ಲಿ, ಅದಕ್ಕೆ ಯಾರೂ ಒಪ್ಪಲಿಲ್ಲ. ನೀರಿನೊಳಗೂ ಗುಲಾಬಿ ಹೂವಿನ ಗಿಡ ಬಿಡುವ ಯೋಜನೆ ಅವರಿಗಿತ್ತು. ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಬಳಿ ಆವಳ ಪಾಂಡಿಯಲ್ಲಿ 2020ರಲ್ಲಿ ತೋಡೇ ಗುಲಾಬಿಯಾದ ಚಿತ್ರವನ್ನು ನೋಡಿ ಮೆಚ್ಚಿದವರು, ಅದು ದಕ್ಷಿಣ ಅಮೆರಿಕದಿಂದ ಬಂದು ನೀರನ್ನು ಕಟ್ಟಿಹಾಕುವ ಕಬೊಂಬ ಎಂಬ ಕಳೆಯೆಂದು ತಿಳಿದಿರಬೇಕು.

ಆದುದರಿಂದ ಗಿಡದ ಮಾತಿಗೆ ಮೊದಲು ಹೊಂಡದ ಮಾತಾಗಲಿ. ಯಂತ್ರದ ಎಣ್ಣೆ, ಬೂದಿ, ಒಡೆದ ಹೆಂಚು ಎಲ್ಲಿ ರಾಶಿ ಬಿದ್ದಿತ್ತೆಂಬುದನ್ನು ಕಾರ್ಖಾನೆಯಲ್ಲಿ ದುಡಿದ ಹಿರಿಯರಲ್ಲಿ ಕೇಳಿ, ಅಲ್ಲಿಯ ಕೆಸರನ್ನೂ ಹತ್ತಿರದ ಬಾವಿಗಳ ನೀರನ್ನೂ ಪರೀಕ್ಷೆ ಮಾಡಿಸಬೇಕು. ಹೊಂಡವಿರುವ ಜಾಗ ಗದ್ದೆ ಅಥವಾ ಜೌಗು ಭೂಮಿಯೆಂದು ದಾಖಲಾಗಿದ್ದರೆ ಅಲ್ಲಿ ಮಣ್ಣು ಹಾಕುವುದೇ 2008ರ ಕೇರಳ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವಾಗಬಹುದು. ಇದನ್ನು ಕೃಷಿ ಭವನದಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ. ದಂಡೆಗೆ ಬೇಕಾದದ್ದು ಹೊರಗಿನ ಮಣ್ಣಲ್ಲ, ಇಳಿಜಾರನ್ನು ತಗ್ಗಿಸಿ ಮೆಟ್ಟಿಲು ಮಾಡುವ ಕೆಲಸ. ಅದರ ಮೇಲೆ ತೆಂಗಿನ ನಾರಿನ ಬಲೆ ಹಾಸಿ, ಬಲೆಯ ಕಣ್ಣುಗಳಲ್ಲಿ ಲಾವಂಚ ನೆಟ್ಟರೆ, ನಾರು ಕೊಳೆಯುವ ಹೊತ್ತಿಗೆ ಬೇರು ದಂಡೆಯನ್ನು ಹಿಡಿದುಕೊಳ್ಳುತ್ತದೆ. ಬಣ್ಣವೇ ಬೇಕೆಂದರೆ ನೀರಿನ ಅಂಚಿಗೆ ನೇರಳೆ ಹೂವಿನ ನೆಕ್ಕರಿಕ, ಮೇಲಿನ ಒಣ ಜಾಗಕ್ಕೆ ಕೆಂಪು ಕೇಪಳ ಸಾಕು. ಎರಡೂ ನಮ್ಮ ಗುಡ್ಡೆಗಳವೇ, ಹಣ್ಣನ್ನು ಹಕ್ಕಿಗಳೂ ಮಕ್ಕಳೂ ತಿನ್ನುತ್ತಾರೆ.

ಕರಾರಿನಲ್ಲಿ ‘ಅಲಂಕಾರಿಕ ಗಿಡಗಳು’ ಎಂದಷ್ಟೇ ಬರೆದಿದ್ದರೆ ಸಹಿ ಹಾಕಬೇಡಿ. ಪ್ರತಿಯೊಂದು ಗಿಡದ ಹೆಸರನ್ನೂ ಬರೆಸಿಕೊಂಡು, ಆ ಪಟ್ಟಿಯನ್ನು ಕೃಷಿ ಅಧಿಕಾರಿಗೂ ಪಶುವೈದ್ಯರಿಗೂ ತೋರಿಸಿ, ಒಂದು ಪೂರ್ತಿ ಮಳೆಗಾಲ ಕಳೆಯುವ ತನಕ ಹಣದ ಸಾಕಷ್ಟು ಪಾಲನ್ನು ತಡೆಹಿಡಿಯುವ ಷರತ್ತನ್ನೂ ಸೇರಿಸಿ. ವೆಡೇಲಿಯ ಈಗಾಗಲೇ ಬಂದುಬಿಟ್ಟಿರುವ ಊರಿನವರು ಅದನ್ನು ಬೇರುಸಹಿತ ಕಿತ್ತು, ತೋಡಿಗಾಗಲಿ ಗೊಬ್ಬರದ ಗುಂಡಿಗಾಗಲಿ ಹಾಕದೆ, ಬಿಸಿಲಿಗೆ ಕಾದ ಸಿಮೆಂಟಿನ ಅಂಗಳದಲ್ಲಿ ಹರಡಿ ಪೂರ್ತಿ ಒಣಗಿಸಬೇಕು.