ಪಂಪ್‌ಸೆಟ್ ಎಂಜಿನ್‌ಗೆ ಟೆಂಪರೇಚರ್ ಮೀಟರ್: ಮೂರು ಬಗೆ ಹಾಕಿ ನೋಡಿದೆ

ಫೆಬ್ರವರಿ, ಮಾರ್ಚ್ ಬಂತು ಅಂದರೆ ರೊಬಸ್ಟಾ ಕಾಫಿಗೆ ಹೂ ನೀರು (ಹೂ ಬಿಡಲಿ ಅಂತ ಹಾಯಿಸುವ ನೀರು) ಕೊಡುವ ಕಾಲ. ನಮ್ಮ ತೋಟ ಕೊಡಗಿನ ನೆಲ್ಯಹುದಿಕೇರಿ ಹತ್ತಿರ. ಕಾವೇರಿ ದಂಡೆಯಲ್ಲಿರುವ ಡೀಸೆಲ್ ಎಂಜಿನ್ ರಾತ್ರಿಯಿಡೀ ಸ್ಪ್ರಿಂಕ್ಲರ್‌ಗೆ ನೀರು ತಳ್ಳುತ್ತದೆ. ಅದೇ ನೀರಲ್ಲಿ ಸ್ವಲ್ಪ ಸಣ್ಣ ಪೈಪಿನಲ್ಲಿ ಎಂಜಿನ್ ತಂಪು ಮಾಡಲು ಹೋಗುತ್ತದೆ.

ಎರಡು ವರ್ಷದ ಹಿಂದೆ ಆ ಸಣ್ಣ ಪೈಪಿನ ಜಾಲರಿಗೆ ಎಲೆ ಕಸ ಕಟ್ಟಿಕೊಂಡಿತು. ಬೆಳಿಗ್ಗೆ ಹೋದರೆ ಎಂಜಿನ್ ನಿಂತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಭಾಗದ ಹೆಡ್ ಕೆಳಗಿರುವ ಸೀಲ್) ಸುಟ್ಟಿದೆ. ಅರ್ಧ ತೋಟಕ್ಕೆ ಮಾತ್ರ ನೀರು ಬಿದ್ದಿತ್ತು. ಎಂಟೊಂಬತ್ತು ದಿನಕ್ಕೆ ಆ ಕಡೆ ಬೆಳ್ಳಗೆ ಹೂ ಬಿಟ್ಟಿತು, ಈ ಕಡೆ ಮೊಗ್ಗು ಹಾಗೇ ಉಳಿಯಿತು. ನೋಡಿ ಹೊಟ್ಟೆ ಉರಿಯಿತು.

ರಾತ್ರಿ ಯಾರಾದರೂ ಕಾಯಬಹುದಲ್ವಾ ಅಂತ ಕೇಳುತ್ತಾರೆ. ನಮ್ಮ ಕಡೆ ಆನೆ ಹೊಳೆ ದಾಟುವುದು ರಾತ್ರಿ ಹೊತ್ತಲ್ಲೇ. ಕೆಲಸದವರನ್ನು ಅಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಮೊದಲು ಹಾಕಿದ್ದು ಕ್ಯಾಪಿಲರಿ ಮೀಟರ್. ತುದಿಯಲ್ಲಿ ಒಂದು ಬಲ್ಬ್, ಅಲ್ಲಿಂದ ಮೀಟರ್‌ವರೆಗೆ ಸಣ್ಣ ತಾಮ್ರದ ಕೊಳವೆ. ಬ್ಯಾಟರಿ ಬೇಡ. ಹ್ಯಾಂಡಲ್ ಹಾಕಿ ತಿರುಗಿಸುವ ಎಂಜಿನ್‌ಗೆ ಇದು ದೊಡ್ಡ ಅನುಕೂಲ. ಕೊಳವೆಯನ್ನು ಕತ್ತರಿಸುವ ಹಾಗಿಲ್ಲ, ಚೂಪಾಗಿ ಬಗ್ಗಿಸುವ ಹಾಗೂ ಇಲ್ಲ. ಉಳಿದದ್ದನ್ನು ಸುರುಳಿ ಸುತ್ತಿ ಅಲುಗದ ಹಾಗೆ ಕಟ್ಟಬೇಕು. ಬಲ್ಬನ್ನು ನೀರು ಹೊರಗೆ ಬರುವ ಪೈಪಿಗೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಕೂರಿಸಿದೆ. ಆಮೇಲೆ ಪರೀಕ್ಷೆಗೆ ಅಂತ ಎಂಜಿನ್‌ಗೆ ತಂಪು ನೀರು ಬಿಡುವ ಕೂಲಿಂಗ್ ಕಾಕ್ ಮುಚ್ಚಿದೆ. ಮುಳ್ಳು ಏರಲಿಲ್ಲ, ಇಳಿಯಿತು! ಹೆಡ್ ಕೈ ಇಡಲಾಗದಷ್ಟು ಬಿಸಿ, ಮೀಟರ್‌ನಲ್ಲಿ 50 ಡಿಗ್ರಿ. ನೀರೇ ಬರದಿದ್ದರೆ ಪೈಪಿನಲ್ಲಿರುವ ಬಲ್ಬಿಗೆ ಬಿಸಿ ಮುಟ್ಟುವುದಾದರೂ ಹೇಗೆ? ನನಗೆ ಭಯ ಇದ್ದದ್ದು ಇದೇ ಹೊತ್ತಿಗೆ, ಇದೇ ಹೊತ್ತಿನಲ್ಲಿ ಅದು ಸುಳ್ಳು ಹೇಳಿತು. ತಪ್ಪು ಮೀಟರ್‌ನದ್ದಲ್ಲ, ಬಲ್ಬ್ ಕೂತ ಜಾಗದ್ದು.

ದುಬಾರೆ ಕಡೆ ಮೋಟಾರ್ ಬೋಟ್ ಓಡಿಸುವ ಪರಿಚಯದವರೊಬ್ಬರಿಗೆ ಇದನ್ನು ಹೇಳಿದೆ. ಬೋಟಿನ ಔಟ್‌ಬೋರ್ಡ್ ಎಂಜಿನ್ ಕೂಡ ಹೊಳೆ ನೀರನ್ನೇ ಎಳೆದು ತಂಪಾಗುತ್ತದೆ. ಅವರು ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನೋಡುತ್ತಾ ಇರುತ್ತಾರೆ. "ಬಿಸಿ ನೋಡಬೇಕಾದರೆ ಲೋಹದಲ್ಲೇ ನೋಡಿ, ನೀರಲ್ಲಲ್ಲ" ಅಂದರು.

ಎರಡನೆಯದು ಸೆಂಡರ್ (ಎಂಜಿನ್‌ಗೆ ಕೂರಿಸುವ, ಬಿಸಿ ಅಳೆಯುವ ತುಂಡು) ಮತ್ತು ಕರೆಂಟಿನಿಂದ ನಡೆಯುವ ಮೀಟರ್, ಲಾರಿಗಳಲ್ಲಿ ಇರುವಂಥದ್ದು. ಇದಕ್ಕೆ 12 ವೋಲ್ಟ್ ಬ್ಯಾಟರಿ ಬೇಕು. ಸೆಂಡರ್ ಮತ್ತು ಮೀಟರ್ ಜೋಡಿಯಾಗಿಯೇ ತಗೊಳ್ಳಿ, ಬೇರೆ ಬೇರೆ ತಂದರೆ ಓಮ್ (ವಿದ್ಯುತ್ ತಡೆ) ಲೆಕ್ಕ ಹೊಂದುವುದಿಲ್ಲ. ಸೆಂಡರ್‌ನ ಮರೆಗೆ (ತಿರುಪಿನ ಗೆರೆಗೆ) ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದರೆ ಅರ್ಥಿಂಗ್ ಕೆಟ್ಟು ರೀಡಿಂಗ್ ತಪ್ಪುತ್ತದೆ. ಸರಿ ತೋರಿಸುತ್ತದಾ ಅಂತ ನೋಡಲು ಕುದಿಯುವ ನೀರಲ್ಲಿ ಅದ್ದಿ. ನಮ್ಮದು ಸುಮಾರು 900 ಮೀಟರ್ ಎತ್ತರ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 100 ಬರಲಿಲ್ಲ ಅಂತ ಮೀಟರ್ ವಾಪಸ್ ಕೊಡಬೇಡಿ. ಮೀಟರ್ ಚೆನ್ನಾಗಿಯೇ ಇತ್ತು, ಆದರೆ ರಾತ್ರಿ ಎರಡು ಗಂಟೆಗೆ ಅದನ್ನು ನೋಡುವವರು ಯಾರು?

ಈಗ ಇರುವುದು ಮೂರನೆಯದು: ಕೆ ಟೈಪ್ ಥರ್ಮೋಕಪಲ್ (ಎರಡು ಬಗೆಯ ಲೋಹದ ತಂತಿಯ ಬಿಸಿ ಸೆನ್ಸರ್), ಜೊತೆಗೆ ರಿಲೇ (ತಾನಾಗಿಯೇ ಆನ್ ಆಫ್ ಆಗುವ ಸ್ವಿಚ್) ಇರುವ ಡಿಜಿಟಲ್ ಕಂಟ್ರೋಲರ್. ಸೆನ್ಸರ್ ಒಂದು ಉಂಗುರದ ಹಾಗಿದೆ. ಹೆಡ್ ಮೇಲಿನ ನೀರಿನ ಬೆಂಡ್‌ನ ಬೋಲ್ಟ್ ಕೆಳಗೆ ಕೂರಿಸಿದೆ. ಹೆಡ್ ಬೋಲ್ಟ್ ಮಾತ್ರ ಬಿಚ್ಚಬೇಡಿ, ಬಿಗಿ ತಪ್ಪಿದರೆ ಗ್ಯಾಸ್ಕೆಟ್‌ಗೇ ಕುತ್ತು. ವೈರ್ ಉದ್ದ ಸಾಲದಿದ್ದರೆ ಕೆ ಟೈಪ್ ವೈರನ್ನೇ ಸೇರಿಸಬೇಕು, ಸಾದಾ ತಾಮ್ರದ ವೈರ್ ಬೇಡ. ಪ್ಲಸ್ ಮೈನಸ್ ಅದಲು ಬದಲಾದರೆ ಬಿಸಿ ಏರಿದಂತೆ ಅಂಕಿ ಇಳಿಯುತ್ತದೆ. ಅಂಗಡಿಯಲ್ಲಿ 12 ವೋಲ್ಟಿನದ್ದೇ ಬೇಕು ಅಂತ ಕೇಳಿ, ಜಾಸ್ತಿ ಸಿಗುವುದು 230 ವೋಲ್ಟಿನದ್ದು.

ಡೀಸೆಲ್ ಎಂಜಿನ್ ಕರೆಂಟ್ ಕಟ್ ಮಾಡಿದರೆ ನಿಲ್ಲುವುದಿಲ್ಲ, ಡೀಸೆಲ್ ನಿಲ್ಲಬೇಕು. ಹಾಗಾಗಿ ರಿಲೇಯಿಂದ ಸೊಲೆನಾಯ್ಡ್‌ಗೆ (ಕರೆಂಟ್ ಬಂದರೆ ಎಳೆಯುವ ಅಯಸ್ಕಾಂತಕ್ಕೆ) ಕೊಟ್ಟು, ಅದು ಸ್ಟಾಪ್ ಲಿವರ್ ಎಳೆಯುವ ಹಾಗೆ ಮಾಡಿಸಿದೆ. ನಮ್ಮ ಎಂಜಿನ್ ಮಾಮೂಲಿಯಾಗಿ 70ರ ಆಸುಪಾಸು ಇರುತ್ತದೆ, ಸೆಟ್ಟಿಂಗ್ 90ಕ್ಕೆ ಇಟ್ಟಿದ್ದೇನೆ. ಖರ್ಚು ಮೂರರಲ್ಲಿ ಇದಕ್ಕೇ ಜಾಸ್ತಿ, ಆದರೂ ಯಾರು ಕೇಳಿದರೂ ಇದನ್ನೇ ಹಾಕಿಸಿ ಅನ್ನುತ್ತೇನೆ.

ದಿನಾ ಸಂಜೆ ಸ್ಟಾರ್ಟ್ ಮಾಡಿದ ಮೇಲೆ ಸೆಟ್ಟಿಂಗ್ 40ಕ್ಕೆ ಇಳಿಸಿ, ಎಂಜಿನ್ ನಿಲ್ಲುತ್ತದಾ ನೋಡಿ, ಮತ್ತೆ 90ಕ್ಕೆ ಏರಿಸುತ್ತೇವೆ. ಹೋದ ಮಾರ್ಚ್‌ನಲ್ಲಿ ಒಂದು ರಾತ್ರಿ ಎಂಜಿನ್ ಸದ್ದು ನಿಂತು ಎಚ್ಚರವಾಯಿತು. ಬೆಳಕಾದ ಮೇಲೆ ಹೋಗಿ ನೋಡಿದರೆ ಜಾಲರಿ ತುಂಬಾ ಬಿದಿರೆಲೆ. ತೆಗೆದು ಸ್ಟಾರ್ಟ್ ಮಾಡಿದೆವು. ಮಧ್ಯಾಹ್ನಕ್ಕೆ ಆ ಬ್ಲಾಕ್‌ನ ನೀರು ಮುಗಿಯಿತು.