ವಿಜಯಪುರದ ಬಿಸಿಲಿನಲ್ಲಿ ಸ್ಲಾಟ್ ಕಾರ್: ಮನೆಯಲ್ಲಿ ಮಾಡಿದ ಮೋಟಾರ್ ಫ್ಯಾನ್ ಎರಡು ಬೇಸಿಗೆ ಓಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮೋಟಾರ್ ಶಾಫ್ಟ್‌ಗೆ ಕೂಡಿಸುವ ಪುಟ್ಟ ಹಿತ್ತಾಳೆ ಫ್ಯಾನ್ ಮೋಟಾರ್ ತಣ್ಣಗಿಡುವ ಕೆಲಸ ಮಾಡುತ್ತದೆ. ಆದರೆ ಎಲ್ಲ ಕಾರಿಗೂ ಅಲ್ಲ, ಎಲ್ಲ ಟ್ರ್ಯಾಕಿಗೂ ಅಲ್ಲ. ಎರಡು ಬೇಸಿಗೆ, ನಡುವಿನ ಮಳೆಗಾಲ, ಚಳಿಗಾಲ ಎಲ್ಲ ಓಡಿಸಿ ನೋಡಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲಾಟ್ ಕಾರ್ ಅಂದರೆ ಟ್ರ್ಯಾಕಿನ ಸೀಳಿನಲ್ಲಿ ಗೈಡ್ ಸಿಕ್ಕಿಸಿಕೊಂಡು ಓಡುವ ಚಿಕ್ಕ ಕಾರು. ಬ್ಯಾಟರಿ ಇರುವುದಿಲ್ಲ. ಸೀಳಿನ ಎರಡೂ ಪಕ್ಕದ ಲೋಹದ ಪಟ್ಟಿಯಿಂದ ಕರೆಂಟ್ ಬರುತ್ತದೆ, ಕೈಯಲ್ಲಿರುವ ಕಂಟ್ರೋಲರ್‌ನ ಟ್ರಿಗರ್ ಒತ್ತಿದಷ್ಟು ವೇಗ. ನನ್ನವು 1/32 ಅಳತೆಯ ಕಾರುಗಳು. ಒಳಗಿರುವುದು 130 ಸೈಜಿನ ಮೋಟಾರ್, ಆಟಿಕೆಗಳಲ್ಲಿ ಎಲ್ಲೆಲ್ಲೂ ಕಾಣುವ ಆ ಎರಡು ಬದಿ ಚಪ್ಪಟೆಯಾದ ಡಬ್ಬಿನೇ. 12 ವೋಲ್ಟ್ ಕೊಟ್ಟರೆ ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ.

ನಮ್ಮ ಟ್ರ್ಯಾಕ್ ಇರುವುದು ಮಹಡಿ ಮೇಲಿನ ಕೋಣೆಯಲ್ಲಿ, ನೇರ ಸ್ಲ್ಯಾಬ್ ಕೆಳಗೆ. ಏಪ್ರಿಲ್, ಮೇ ತಿಂಗಳ ವಿಜಯಪುರ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಕೋಣೆಯೊಳಗೇ 40 ಡಿಗ್ರಿ. ಹೊರದೇಶದವರು ಬರೆದ ಸಲಹೆಗಳೆಲ್ಲ 20, 22 ಡಿಗ್ರಿ ಕೋಣೆಯನ್ನು ತಲೆಯಲ್ಲಿಟ್ಟುಕೊಂಡು ಬರೆದವು, ಅಲ್ಲಿ ಮೋಟಾರ್ ಓಟ ಶುರು ಮಾಡುವ ಬಿಸಿಗೂ ಇಲ್ಲಿ ಶುರು ಮಾಡುವ ಬಿಸಿಗೂ ಇಪ್ಪತ್ತು ಡಿಗ್ರಿ ವ್ಯತ್ಯಾಸ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯದೆ ಅವರು ಹೇಳಿದ್ದನ್ನೇ ಇಲ್ಲಿ ಮಾಡಿದರೆ ಸಾಲುವುದಿಲ್ಲ.

ಮೋಟಾರ್ ಬಿಸಿಯಾದರೆ ಆಗಲಿ ಬಿಡಿ ಅನ್ನುವವರೂ ಇದ್ದಾರೆ. ಹಾಗಲ್ಲ. ತಾಮ್ರದ ತಂತಿಯ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ಫೆರೈಟ್ ಮ್ಯಾಗ್ನೆಟ್‌ನ ಬಲ ಪ್ರತಿ ಡಿಗ್ರಿಗೆ ಸುಮಾರು ಶೇ. 0.2ರಷ್ಟು ಇಳಿಯುತ್ತದೆ. 40ರಿಂದ 100 ಡಿಗ್ರಿಗೆ ಹೋದರೆ ರೆಸಿಸ್ಟೆನ್ಸ್ ಶೇ. 20ಕ್ಕಿಂತ ಜಾಸ್ತಿ ಆಗಿರುತ್ತದೆ, ಮ್ಯಾಗ್ನೆಟ್ ಶೇ. 12ರಷ್ಟು ಸೋತಿರುತ್ತದೆ. ಮ್ಯಾಗ್ನೆಟ್ ಸೋತರೆ ಅದೇ ಎಳೆತಕ್ಕೆ ಜಾಸ್ತಿ ಕರೆಂಟ್ ಬೇಕು, ಜಾಸ್ತಿ ಕರೆಂಟ್ ಅಂದರೆ ಇನ್ನೂ ಬಿಸಿ. ಬಿಸಿಯೇ ಬಿಸಿಯನ್ನು ಏರಿಸುತ್ತಾ ಹೋಗುತ್ತದೆ. ರೇಸಿನ ಕೊನೆ ಸುತ್ತುಗಳಲ್ಲಿ ತಿರುವಿನಿಂದ ಹೊರಬರುವಾಗ ಕಾರು ಮೆತ್ತಗಾಗುತ್ತದಲ್ವಾ, ಅದಕ್ಕೆ ಬಹಳ ಸಲ ಇದೇ ಕಾರಣ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಟ್ರಿಗರ್ ಬಿಟ್ಟಾಗ ಕಂಟ್ರೋಲರ್ ಮೋಟಾರಿನ ಎರಡೂ ತುದಿಯನ್ನು ಶಾರ್ಟ್ ಮಾಡುತ್ತದೆ, ಅದೇ ಬ್ರೇಕ್. ಓಡುತ್ತಿದ್ದ ಕಾರಿನ ಶಕ್ತಿಯ ದೊಡ್ಡ ಪಾಲು ಆಗ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಒಳಗೇ ಬಿಸಿಯಾಗಿ ಇಳಿಯುತ್ತದೆ. ಉದ್ದ ನೇರ ಇರುವ ಟ್ರ್ಯಾಕಿಗಿಂತ ಅಂಕುಡೊಂಕು ಟ್ರ್ಯಾಕಿನಲ್ಲಿ ಮೋಟಾರ್ ಜಾಸ್ತಿ ಕಾಯುವುದು ಅದಕ್ಕೇ.

ಈಗ ಫ್ಯಾನ್ ವಿಷಯ. ಇದಕ್ಕೆ ಶಾಫ್ಟ್ ಎರಡೂ ಕಡೆ ಹೊರಬಂದಿರುವ ಮೋಟಾರ್ ಬೇಕು. ಒಂದು ಕಡೆ ಪಿನಿಯನ್, ಅಂದರೆ ಶಾಫ್ಟ್ ಮೇಲಿನ ಪುಟ್ಟ ಹಲ್ಲಿನ ಗಾಲಿ, ಇನ್ನೊಂದು ಕಡೆ ಫ್ಯಾನ್. ಮೋಟಾರ್ ಉದ್ದಕ್ಕೆ ಮಲಗಿರುವ ಇನ್‌ಲೈನ್ ಕಾರಿನಲ್ಲಿ ಮುಂದಿನ ಶಾಫ್ಟ್ ತುದಿಗೆ ಒಳ್ಳೆಯ ಜಾಗ ಇರುತ್ತದೆ. ಅಡ್ಡ ಕೂತಿರುವ ಸೈಡ್‌ವೈಂಡರ್ ಕಾರಿನಲ್ಲಿ ಪ್ರಯತ್ನವನ್ನೇ ಮಾಡಬೇಡಿ, ಆ ತುದಿ ಚಕ್ರದ ಪಕ್ಕದಲ್ಲೇ ಇರುತ್ತದೆ.

ಮೊದಲ ಫ್ಯಾನ್ ಮಾಡಿದ್ದು ಹಳೆಯ ಆಫ್‌ಸೆಟ್ ಪ್ಲೇಟಿನಿಂದ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್‌ಗಳಲ್ಲಿ ಬಳಸಿ ಬಿಟ್ಟ ಅಲ್ಯೂಮಿನಿಯಂ ಪ್ಲೇಟ್ ಗುಜರಿ ರೇಟಿಗೆ ಸಿಗುತ್ತದೆ. ತೆಳು ಇದ್ದರೂ ಗಟ್ಟಿ, ಸಾದಾ ಕತ್ತರಿಯಲ್ಲಿ ಕತ್ತರಿಸಬಹುದು. ತಂಪು ಪಾನೀಯದ ಡಬ್ಬಿ ಇದಕ್ಕೆ ಬೇಡ, ಅದು 0.1 ಮಿಮೀ ಅಷ್ಟೇ ದಪ್ಪ, ರೆಕ್ಕೆ ತಿರುಚಿದ ಕೋನ ನಿಲ್ಲುವುದಿಲ್ಲ. ಪ್ಲೇಟಿನ ಫ್ಯಾನನ್ನು 2 ಮಿಮೀಗಿಂತ ಕೂದಲೆಳೆಯಷ್ಟು ಕಡಿಮೆ ತೂತಿರುವ ಪ್ಲಾಸ್ಟಿಕ್ ಪಿನಿಯನ್ ಮೇಲೆ ಎಪಾಕ್ಸಿ ಹಾಕಿ ಕೂಡಿಸಿದೆ. ಚಳಿಗಾಲ ಪೂರ್ತಿ ಚೆನ್ನಾಗಿ ಓಡಿತು. ಬೇಸಿಗೆ ಬಂದಾಗ ಎಪಾಕ್ಸಿ ಮೆತ್ತಗಾಗಿ ಫ್ಯಾನ್ ಜಾರತೊಡಗಿತು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿಗೆ 60 ಡಿಗ್ರಿ ದಾಟಿದ ಮೇಲೆ ಅಷ್ಟು ಕಸುವು ಇರುವುದಿಲ್ಲ, ಕ್ವಿಕ್ ಗಮ್ಮೂ ಬಿಸಿಗೆ ನಿಲ್ಲುವುದಿಲ್ಲ. ನಮ್ಮ ಊರಿನ ಮಟ್ಟಿಗೆ ಅಂಟು ನಂಬಿದ ಫ್ಯಾನ್ ಆರು ತಿಂಗಳ ಫ್ಯಾನ್.

ಈಗ ಎಲ್ಲ ಕಾರಿನಲ್ಲೂ ಇರುವುದು ಹಿತ್ತಾಳೆಯದು. ಹಲ್ಲು ಸವೆದ ಹಿತ್ತಾಳೆ ಪಿನಿಯನ್ನೇ ಹಬ್, ಅದರ ಮೇಲೆ 0.2 ಮಿಮೀ ಹಿತ್ತಾಳೆ ತಗಡಿನ ರೆಕ್ಕೆ, ನಡುವೆ ಬೆಸುಗೆ. ಸಾಮಾನ್ಯ ಬೆಸುಗೆ ಸೀಸ ಕರಗುವುದು 183 ಡಿಗ್ರಿ ದಾಟಿದ ಮೇಲೆ, ಮೋಟಾರ್ ಅಷ್ಟು ಬಿಸಿಯಾಗುವ ಮುಂಚೆ ಬೇರೆಯೇ ಅನಾಹುತ ಆಗಿರುತ್ತದೆ. ಅಲ್ಯೂಮಿನಿಯಂಗಿಂತ ಹಿತ್ತಾಳೆ ಮೂರು ಪಟ್ಟು ಭಾರ ನಿಜ, ಆದರೆ ಇಷ್ಟು ಚಿಕ್ಕ ಫ್ಯಾನಿನಲ್ಲಿ ಅದು ಅರ್ಧ ಗ್ರಾಮಿನ ಒಳಗಿನ ಮಾತು. ಆರು ರೆಕ್ಕೆ, ಒಂದೊಂದನ್ನೂ ಸುಮಾರು 30 ಡಿಗ್ರಿ ತಿರುಚಿದ್ದೇನೆ. ತಿರುಚುವ ಮುಂಚೆ ಮೋಟಾರ್ ಯಾವ ಕಡೆ ತಿರುಗುತ್ತದೆ ಅಂತ ನೋಡಿಕೊಳ್ಳಿ, ಗಾಳಿ ಡಬ್ಬಿಯ ಕಡೆಗೆ ಬೀಳಬೇಕು.

ಅಳತೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ, ಇಡೀ ಕೆಲಸದ ಜೀವ ಇರುವುದು ಅಲ್ಲೇ. 20 ಮಿಮೀ ಫ್ಯಾನ್ ಹಾಕಿದರೆ ಗಾಳಿ ಭರ್ಜರಿ, ಆದರೆ ನೇರದಲ್ಲಿ ಕಾರು ನಿಧಾನವಾದದ್ದು ಕಣ್ಣಿಗೇ ಕಾಣುತ್ತದೆ. ಫ್ಯಾನ್ ತಿನ್ನುವ ಶಕ್ತಿ ವ್ಯಾಸದ ಐದನೇ ಘಾತದಲ್ಲಿ ಏರುತ್ತದೆ, ಗಾಳಿ ಮೂರನೇ ಘಾತದಲ್ಲಿ. ಅಂದರೆ 20ರಿಂದ 16 ಮಿಮೀಗೆ ಇಳಿಸಿದರೆ ಗಾಳಿ ಸುಮಾರು ಅರ್ಧಕ್ಕೆ ಬರುತ್ತದೆ, ತಿನ್ನುವ ಶಕ್ತಿ ಮೂರನೇ ಒಂದಕ್ಕೆ ಬರುತ್ತದೆ. ಜೊತೆಗೆ 130 ಮೋಟಾರಿನ ಎತ್ತರವೇ 15 ಮಿಮೀ ಆಸುಪಾಸು. 16 ಮಿಮೀ ಫ್ಯಾನ್ ಮೇಲೆ ಕೆಳಗೆ ಅರ್ಧ ಅರ್ಧ ಮಿಮೀ ಚಾಚುತ್ತದೆ, ಷಾಸಿಗೆ (ಕಾರಿನ ತಳದ ಚೌಕಟ್ಟಿಗೆ) ತಾಗುವುದಿಲ್ಲ. 20 ಹಾಕಬೇಕೆಂದರೆ ಷಾಸಿ ತಳ ಕೊರೆಯಬೇಕು. ನನ್ನ ಮಟ್ಟಿಗೆ 16 ಸರಿ.

ಬ್ಯಾಲೆನ್ಸ್ ಮಾಡದೆ ಮಾತ್ರ ಓಡಿಸಬೇಡಿ. 18,000 ಸುತ್ತಿನಲ್ಲಿ 8 ಮಿಮೀ ದೂರದ ರೆಕ್ಕೆ ತುದಿ ಮೇಲೆ ಅದರ ತೂಕದ ಸುಮಾರು 2,900 ಪಟ್ಟು ಎಳೆತ ಬೀಳುತ್ತದೆ. ಒಂದು ಬದಿ 0.01 ಗ್ರಾಂ ಜಾಸ್ತಿ ಇದ್ದರೆ 29 ಗ್ರಾಂ ತೂಕ ಶಾಫ್ಟನ್ನು ಪಕ್ಕಕ್ಕೆ ಎಳೆದಂತೆ, ಅದೂ ಸೆಕೆಂಡಿಗೆ 300 ಸಲ. ಶಾಫ್ಟನ್ನು ಹಿಡಿದಿರುವ ಬುಷ್ ಎಷ್ಟು ದಿನ ಉಳಿಯುತ್ತದೆ ನೀವೇ ಹೇಳಿ. ಎರಡು ಬ್ಲೇಡನ್ನು ಸಮಾನಾಂತರವಾಗಿ, ಮಟ್ಟವಾಗಿ ನಿಲ್ಲಿಸಿ, ಫ್ಯಾನಿಗೆ 2 ಮಿಮೀ ಕಡ್ಡಿ ತೂರಿಸಿ ಅವುಗಳ ಮೇಲೆ ಇಡಿ. ಭಾರದ ಬದಿ ತಾನಾಗಿ ಕೆಳಗೆ ಬರುತ್ತದೆ. ಅಲ್ಲಿ ಸ್ವಲ್ಪ ಅರ ಹಾಕಿ, ಮತ್ತೆ ಇಡಿ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಬಿಡಬೇಡಿ. ಮೊದಲ ಸಲ ಓಡಿಸುವಾಗ ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ಮಕ್ಕಳು ಬೇಡ.

ಫಲ ಏನು? ಒಂದೇ ಕಾರು, ಒಂದೇ ಕೋಣೆ, ಅಷ್ಟೇ ಹೊತ್ತಿನ ಓಟ ಇಟ್ಟುಕೊಂಡು ಅಳೆದಾಗ 16 ಮಿಮೀ ಫ್ಯಾನ್ ಇದ್ದ ಡಬ್ಬಿ ಹತ್ತು ಡಿಗ್ರಿ ಆಸುಪಾಸು ತಣ್ಣಗೆ ಇರುತ್ತದೆ. ಮೊದಲ ಸುತ್ತುಗಳಲ್ಲಿ ಕಾರು ಕೂದಲೆಳೆ ನಿಧಾನ, ಕೊನೆ ಸುತ್ತುಗಳಲ್ಲಿ ಲ್ಯಾಪ್ ಟೈಮ್ ಬೀಳುವುದಿಲ್ಲ. ಉದ್ದ ರೇಸಿಗೆ ಇದು ಲಾಭ, ಚಿಕ್ಕದಕ್ಕೆ ಅಲ್ಲ. ಅಳೆಯುವವರಿಗೆ ಒಂದು ಸೂಚನೆ: ಇನ್‌ಫ್ರಾರೆಡ್ ಗನ್ ಹೊಳೆಯುವ ಡಬ್ಬಿ ಮೇಲೆ ಕಡಿಮೆ ತೋರಿಸುತ್ತದೆ. ಒಂದು ಚೂರು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಗಾಳಿ ಒಳಗೆ ಬಂದರೆ ಸಾಲದು, ಹೊರಗೂ ಹೋಗಬೇಕು. ಮುಚ್ಚಿದ ಬಾಡಿಯೊಳಗೆ ಫ್ಯಾನ್ ತಿರುಗಿಸಿದರೆ ಅದೇ ಬಿಸಿ ಗಾಳಿ ಸುಮ್ನೆ ಸುತ್ತುತ್ತಿರುತ್ತದೆ. ನಾನು ಹಿಂದಿನ ಗಾಜು ತೆಗೆದಿದ್ದೇನೆ, ಮೋಟಾರ್ ಮುಂದೆ ಷಾಸಿ ತಳದಲ್ಲಿ ಕಿಂಡಿ ಕೊರೆದಿದ್ದೇನೆ. ಅರ್ಧ ಲಾಭ ಬಂದಿದ್ದು ಈ ಕಿಂಡಿಗಳಿಂದಲೇ.

ಇದರ ಮಿತಿ ತಿಳಿಸಿಕೊಟ್ಟವನು ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಗೆಳೆಯ. ನೀರೆತ್ತುವ ಮೋಟಾರಿನ ಹಿಂದೆ ಮುಚ್ಚಳದೊಳಗೆ ಶಾಫ್ಟ್‌ಗೇ ಕೂಡಿಸಿದ ಫ್ಯಾನ್ ಇರುತ್ತದಲ್ವಾ, ಅದು ಒಂದೇ ವೇಗದಲ್ಲಿ ಓಡುವ ಮೋಟಾರಿಗೆ ಸರಿ. ಡ್ರೈವ್ (ವೇಗ ಏರಿಳಿಸುವ ಸಾಧನ) ಹಾಕಿ ಭಾರ ಹೊರಿಸಿ ನಿಧಾನ ಓಡಿಸುವ ಮೋಟಾರಿಗೆ ಬೇರೆ ಫ್ಯಾನ್ ಕೂಡಿಸಬೇಕಾಗುತ್ತದೆ, ಯಾಕಂದರೆ ಸುತ್ತು ಅರ್ಧವಾದರೆ ಗಾಳಿನೂ ಅರ್ಧ. ನಮ್ಮ ಕಾರಿನದೂ ಅದೇ ಕಥೆ. ತಿರುವಿನಿಂದ ಎದ್ದು ಹೊರಡುವಾಗ ಕರೆಂಟ್ ಅತಿ ಜಾಸ್ತಿ, ಸುತ್ತು ಅತಿ ಕಡಿಮೆ. ಗಾಳಿ ಬೇಕಾದಾಗಲೇ ಫ್ಯಾನ್ ಸೋಮಾರಿ.

ಹಾಗಾಗಿ ಇನ್ನೊಂದು ಫ್ಯಾನ್ ಪಿಟ್‌ನಲ್ಲಿದೆ, ಅಂದರೆ ಓಟದ ನಡುವೆ ಕಾರು ನೋಡಿಕೊಳ್ಳುವ ಜಾಗದಲ್ಲಿ. ಕೆಟ್ಟುಹೋದ ಸಿಸಿಟಿವಿ ರೆಕಾರ್ಡರ್‌ನಿಂದ ಬಿಚ್ಚಿದ 40 ಮಿಮೀ, 12 ವೋಲ್ಟ್ ಫ್ಯಾನ್. ಮರದ ಚೌಕಟ್ಟಿಗೆ ಕೂಡಿಸಿದ್ದೇನೆ. ಹೀಟ್ (ರೇಸಿನ ಒಂದು ಸರದಿ) ಮುಗಿದ ಕೂಡಲೇ ಬಾಡಿ ತೆಗೆದು ಅದರ ಮುಂದೆ ಇಟ್ಟರೆ ಮುಂದಿನ ಹೀಟ್ ಹೊತ್ತಿಗೆ ಡಬ್ಬಿ ಕೈಯಲ್ಲಿ ಹಿಡಿಯುವಷ್ಟು ಆಗಿರುತ್ತದೆ. ದುಡ್ಡಿಗೆ ಬೆಲೆ ನೋಡಿದರೆ ಇದೇ ಮೊದಲು ಮಾಡಬೇಕಾದದ್ದು, ಶಾಫ್ಟ್ ಫ್ಯಾನ್ ಆಮೇಲೆ. ಅದಕ್ಕೂ ಮೊದಲು ಗೇರ್ ನೋಡಿ. 9 ಹಲ್ಲಿನ ಪಿನಿಯನ್‌ಗೆ 27 ಹಲ್ಲಿನ ಕ್ರೌನ್ (ಹಿಂದಿನ ಅಚ್ಚಿನ ದೊಡ್ಡ ಗೇರ್) ಇದ್ದರೆ 28 ಹಾಕಿ ನೋಡಿ. ಚಿಕ್ಕ, ಅಂಕುಡೊಂಕು ಟ್ರ್ಯಾಕಿನಲ್ಲಿ ನೇರದ ವೇಗ ಸ್ವಲ್ಪ ಹೋಗುತ್ತದೆ, ಮೋಟಾರ್ ಎಳೆಯುವ ಕರೆಂಟ್ ಇಳಿಯುತ್ತದೆ.

ಧೂಳು ಮಾತ್ರ ದೊಡ್ಡ ತಲೆನೋವು. ನಮ್ಮ ಕಡೆ ಬೇಸಿಗೆ ಗಾಳಿ ಎಂದರೆ ಧೂಳೇ. ತಳದ ಕಿಂಡಿಯಿಂದ ಫ್ಯಾನ್ ಅದನ್ನೆಲ್ಲ ಎಳೆದುಕೊಂಡು ಬುಷ್ ಹತ್ತಿರ ತಂದು ಹಾಕುತ್ತದೆ, ಎಣ್ಣೆ ಜಾಸ್ತಿ ಇದ್ದರೆ ಅಲ್ಲೇ ಕೆಸರು. ಸೂಜಿ ತುದಿಯಲ್ಲಿ ಒಂದೇ ಹನಿ ಎಣ್ಣೆ ಹಾಕಿ, ಪ್ರತಿ ರೇಸ್ ದಿನದ ಕೊನೆಗೆ ಬ್ರಷ್‌ನಲ್ಲಿ ಒರೆಸಿ. ಫ್ಯಾನ್ ಇಲ್ಲದ ಕಾರಿಗಿಂತ ಫ್ಯಾನ್ ಇರುವ ಕಾರಿನ ಆರೈಕೆ ಖಂಡಿತ ಜಾಸ್ತಿ.

ಬೆಳಗಾವಿಯವರಿಗೆ ಬೇರೆ ಮಾತು. ಜುಲೈ ಮಳೆಯಲ್ಲಿ ಟಿಳಕವಾಡಿಯ ಗೆಳೆಯರ ಟ್ರ್ಯಾಕಿನಲ್ಲಿ ಇದೇ ಕಾರನ್ನು ಫ್ಯಾನ್ ಬಿಚ್ಚಿ ಓಡಿಸಿದೆ, ಇನ್ನೂ ಚುರುಕಾಗಿ ಓಡಿತು. ಅಲ್ಲಿ ಏಪ್ರಿಲ್, ಮೇ ಬಿಟ್ಟರೆ ಪಿಟ್ ಫ್ಯಾನೇ ಸಾಕು. ಆದರೆ ಅವರಿಗೆ ಒಂದು ಅನುಕೂಲ ಇದೆ: ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ ಲೇತ್ ಕೆಲಸದವರಿಗೆ ಕೊರತೆ ಇಲ್ಲ, 2 ಮಿಮೀ ತೂತಿನ ಹಿತ್ತಾಳೆ ಹಬ್ ಚೊಕ್ಕವಾಗಿ ಮಾಡಿಸಿಕೊಳ್ಳಬಹುದು. ಲೇತಿನ ಹಬ್ ಹಾಕಿದ ಫ್ಯಾನ್ ನಡುಗುವುದೇ ಇಲ್ಲ, ನನ್ನ ಪಿನಿಯನ್ ಹಬ್‌ಗಿಂತ ಅದು ಮೇಲು.

ಹಾಕಿ ಮರೆಯುವ ಸಾಮಾನು ಇದಲ್ಲ. ತಿಂಗಳಿಗೊಮ್ಮೆ ಬಾಡಿ ಬಿಚ್ಚಿ ಭೂತಗನ್ನಡಿಯಲ್ಲಿ ರೆಕ್ಕೆಗಳ ಬುಡ ನೋಡಿ. ತಿರುಚಿದ ಜಾಗದಲ್ಲಿ ಕೂದಲಷ್ಟು ಗೆರೆ ಕಂಡರೂ ಆ ಫ್ಯಾನ್ ಗುಜರಿಗೆ ಹಾಕಿ. ಹೊಸದು ಮಾಡಲು ಅಂಗೈಗಿಂತ ಚಿಕ್ಕ ತಗಡು ಸಾಕು, ಒಂದು ಸಂಜೆಯ ಕೆಲಸ.