ಟೊರ್ನಾಡೊ ಸೀಸನ್‌ಗೆ ಯಾವುದು ಬೇಕು: ಫೋನ್ ಅಲರ್ಟ್, ವೆದರ್ ರೇಡಿಯೋ, ರೇಡಾರ್ ಆ್ಯಪ್?

ಮಾರ್ಚ್ ಬಂತೆಂದರೆ ಟೊರ್ನಾಡೊ, ಅಂದರೆ ಸುಂಟರಗಾಳಿಯ ಕಾಲ. ಆಗ ಟೆಕ್ಸಾಸ್‌ನ ಡಾಲಸ್ ಉತ್ತರಕ್ಕೆ, ಪ್ಲೇನೊ-ಫ್ರಿಸ್ಕೊ ಕಡೆಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಯಾವ ಆ್ಯಪ್ ಹಾಕ್ಕೊಳ್ಲಿ?" ಮೊದಲು ಆ್ಯಪ್ ಬೇಡ, ಒಂದು ವೆದರ್ ರೇಡಿಯೋ ತಗೊಳ್ಳಿ ಅಂತಲೇ ನಾನು ಹೇಳೋದು. ಹಲವು ವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಇವನ್ನೆಲ್ಲ ಒಟ್ಟಿಗೇ ಬಳಸಿ ನೋಡಿದ್ದೇನೆ. ನಾನು ಅಳೆಯುವುದು ಎರಡೇ ವಿಷಯ. ರಾತ್ರಿ ಎರಡು ಗಂಟೆಗೆ ಮಲಗಿದ್ದಾಗ ಎಬ್ಬಿಸುತ್ತದಾ? ಎಚ್ಚರವಿದ್ದಾಗ ಬಿರುಗಾಳಿ ಎಲ್ಲಿದೆ ಅಂತ ಸರಿಯಾಗಿ ತೋರಿಸುತ್ತದಾ? ಎರಡನ್ನೂ ಚೆನ್ನಾಗಿ ಮಾಡುವ ಸಾಧನ ನನಗಿನ್ನೂ ಸಿಕ್ಕಿಲ್ಲ.

ಫೋನಿಗೆ ತಾನಾಗಿಯೇ ಬರುವ ಸರ್ಕಾರಿ ಅಲರ್ಟ್ 2012ರಿಂದ ಇದೆ. ದುಡ್ಡು ಬೇಡ, ಆ್ಯಪ್ ಬೇಡ. ಹವಾಮಾನ ಕಚೇರಿ ನಕ್ಷೆಯಲ್ಲಿ ಗೆರೆ ಎಳೆದ ಜಾಗದ ಒಳಗಿರುವವರಿಗೆ ಮಾತ್ರ ಬರುವಂತೆ ಮಾಡಿದ್ದಾರೆ. ಹಾಗಾಗಿ ಸುಮ್‌ಸುಮ್ನೆ ಕೂಗುವುದು ಕಡಿಮೆ. ಆದರೆ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. 2021ರ ಆಗಸ್ಟ್‌ನಿಂದ ಗುಡುಗು-ಮಳೆಯ ವಾರ್ನಿಂಗ್‌ಗಳಲ್ಲಿ ತೀರಾ ಭೀಕರವಾದವು ಮಾತ್ರ ಫೋನಿಗೆ ಬರುತ್ತವೆ. ಅಂದರೆ 2.75 ಇಂಚಿನ ಆಲಿಕಲ್ಲು, ಇಲ್ಲವೇ ಗಂಟೆಗೆ 80 ಮೈಲಿಯ ಗಾಳಿ. 2 ಇಂಚಿನ ಆಲಿಕಲ್ಲಿಗೇ ಕಾರಿನ ಗಾಜು ಪುಡಿಯಾಗುತ್ತದೆ, ಆದರೂ ಫೋನು ತೆಪ್ಪಗಿರುತ್ತದೆ. ಟೊರ್ನಾಡೊ ವಾರ್ನಿಂಗ್ ಆದರೆ ಬಂದೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೀವೇ ಆಫ್ ಮಾಡಿಟ್ಟಿಲ್ಲ ಅಲ್ವಾ, ಒಮ್ಮೆ ನೋಡಿಕೊಳ್ಳಿ.

ವೆದರ್ ರೇಡಿಯೋ ನೋಡಲು ಹಳೇ ಕಾಲದ ಅಲಾರಂ ಗಡಿಯಾರದ ಹಾಗೆ. ನನ್ನ ಹಾಸಿಗೆ ಪಕ್ಕ ಇರುವುದು ಮಿಡ್‌ಲ್ಯಾಂಡ್ ಕಂಪನಿಯದು. ಹವಾಮಾನ ಕಚೇರಿಯ ಡಾಲಸ್ ಪ್ರಸಾರ ಇದರಲ್ಲಿ 162.400 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆರು ಅಂಕಿಯ ಕೋಡ್ ಹಾಕಬೇಕು: ಕಾಲಿನ್ ಕೌಂಟಿಗೆ 048085, ಡಾಲಸ್ ಕೌಂಟಿಗೆ 048113. ಆಮೇಲೆ ಅದು ಬಾಯಿ ಮುಚ್ಚಿಕೊಂಡು ಕಾಯುತ್ತಿರುತ್ತದೆ. ನಿಮ್ಮ ಕೌಂಟಿಗೆ ವಾರ್ನಿಂಗ್ ಬಂದ ಕೂಡಲೇ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತದೆ, ಆಮೇಲೆ ವಾರ್ನಿಂಗನ್ನು ಓದಿ ಹೇಳುತ್ತದೆ. ಇಂಟರ್‌ನೆಟ್ ಬೇಡ, ಮೊಬೈಲ್ ಟವರ್ ಬೇಡ. ಕರೆಂಟ್ ಹೋದರೂ ಒಳಗಿರುವ ಬ್ಯಾಟರಿಯಲ್ಲಿ ನಡೆಯುತ್ತದೆ. ಫೋನಿಗೆ ಬಾರದ ಆಲಿಕಲ್ಲಿನ ವಾರ್ನಿಂಗ್ ಕೂಡ ಇದರಲ್ಲಿ ಬರುತ್ತದೆ.

ಇದರ ತೊಂದರೆ ಅಂದರೆ ಇಡೀ ಕೌಂಟಿಗೆ ಒಂದೇ ಲೆಕ್ಕ. ಬಿರುಗಾಳಿ ಕೌಂಟಿಯ ಆ ತುದಿಯಲ್ಲಿದ್ದರೂ ನಿಮ್ಮನ್ನು ಎಬ್ಬಿಸುತ್ತದೆ. ಬೇಡದ ಕೆಲವು ಅಲರ್ಟ್‌ಗಳನ್ನು ಮೆನುವಿನಲ್ಲಿ ಆಫ್ ಮಾಡಬಹುದು. ಇನ್ನೊಂದು, ಪ್ರಸಾರದ ಗೋಪುರವೇ ಕೆಟ್ಟರೆ ಇದೂ ಮೂಕ. 2011ರ ಏಪ್ರಿಲ್ 27ರಂದು ಅಲಬಾಮಾದಲ್ಲಿ ಆಗಿದ್ದು ಅದೇ. ಬೆಳಗಿನ ಬಿರುಗಾಳಿಗೆ ಕರೆಂಟ್ ಹೋಯಿತು, ಕೆಲವು ಪ್ರಸಾರ ಕೇಂದ್ರಗಳೂ ನಿಂತವು. ಭಯಂಕರ ಟೊರ್ನಾಡೊಗಳು ಬಂದಿದ್ದು ಆಮೇಲೆ, ಮಧ್ಯಾಹ್ನದ ಮೇಲೆ. ಅದಕ್ಕೇ ರೇಡಿಯೋ ಇದ್ದರೂ ಫೋನಿನ ಅಲರ್ಟ್ ಆನ್ ಇಟ್ಟಿರುತ್ತೇನೆ.

ಎಚ್ಚರವಿದ್ದಾಗ ಮಾತ್ರ ರೇಡಾರ್‌ಸ್ಕೋಪ್ ಎಂಬ ರೇಡಾರ್ ಆ್ಯಪ್‌ಗೆ ಸಾಟಿಯಿಲ್ಲ. ದುಡ್ಡು ಕೊಡಬೇಕು, ಕೊಡಬಹುದು. ಪುಕ್ಕಟೆ ಆ್ಯಪ್‌ಗಳಲ್ಲಿ ಹೆಚ್ಚಿನವು ಚಿತ್ರವನ್ನು ನಯಮಾಡಿ, ಚಂದ ಮಾಡಿ ತೋರಿಸುತ್ತವೆ. ಮುಖ್ಯವಾದ ಸಣ್ಣ ಗುರುತುಗಳು ಅಲ್ಲೇ ಅಳಿಸಿಹೋಗುತ್ತವೆ. ಇದು ರೇಡಾರ್ ಕೊಟ್ಟಿದ್ದನ್ನು ಹಾಗೆಯೇ ಕೊಡುತ್ತದೆ. ವೆಲಾಸಿಟಿ (ಗಾಳಿಯ ವೇಗದ ಚಿತ್ರ) ಒತ್ತಿ ನೋಡಿ. ಹಸಿರು ಅಂದರೆ ಗಾಳಿ ರೇಡಾರ್ ಕಡೆಗೆ ಬರುತ್ತಿದೆ, ಕೆಂಪು ಅಂದರೆ ದೂರ ಹೋಗುತ್ತಿದೆ. ದಟ್ಟ ಹಸಿರು, ದಟ್ಟ ಕೆಂಪು ಒಂದಕ್ಕೊಂದು ಅಂಟಿಕೊಂಡು ಕೂತಿದ್ದರೆ ಅಲ್ಲಿ ಗಾಳಿ ಸುತ್ತುತ್ತಿದೆ. ಅದೇ ಜಾಗದಲ್ಲಿ ಕೋರಿಲೇಶನ್ ಕೋಎಫಿಶಿಯೆಂಟ್ (ರೇಡಾರ್‌ಗೆ ಕಾಣುವ ವಸ್ತುಗಳು ಎಷ್ಟು ಒಂದೇ ಥರ ಇವೆ ಅನ್ನುವ ಅಳತೆ) ಕೂಡ ಕುಸಿದಿದ್ದರೆ ಹಲಗೆ, ತಗಡು, ಕೊಂಬೆಗಳು ಮೇಲೆ ಹಾರುತ್ತಿರುವ ಸಂಭವ ಜಾಸ್ತಿ. ಅಂದರೆ ಟೊರ್ನಾಡೊ ಆಗಲೇ ನೆಲ ಮುಟ್ಟಿದೆ.

ಇದನ್ನು ಓದಲು ಕಲಿತವರಿಗೆ ಒಂದು ಅಪಾಯ ಕಾದಿರುತ್ತದೆ. ವಾರ್ನಿಂಗ್ ಬಂದರೂ "ನನ್ನ ಸ್ಕ್ರೀನ್‌ನಲ್ಲಿ ಏನೂ ಕಾಣ್ತಿಲ್ಲ" ಅಂತ ಕೂತುಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ರೇಡಾರ್ ಇಡೀ ಆಕಾಶವನ್ನು ಒಂದು ಸುತ್ತು ನೋಡಿ ಮುಗಿಸಲು ನಾಲ್ಕರಿಂದ ಆರು ನಿಮಿಷ ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಬಿರುಗಾಳಿ ಅಷ್ಟರಲ್ಲಿ ಆರೇಳು ಕಿಲೋಮೀಟರ್ ಸಾಗಿರುತ್ತದೆ. ರೇಡಾರ್‌ನಿಂದ 100 ಕಿಲೋಮೀಟರ್ ದೂರದಲ್ಲಿ ಅದರ ಅತಿ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. ಕೆಳಗೆ ನಡೆಯುವುದು ಅದಕ್ಕೆ ಕಾಣುವುದೇ ಇಲ್ಲ.

ಇನ್ನು ಮುನ್ಸೂಚನೆ. ಇಲ್ಲಿ ಪೈಪೋಟಿ ಎರಡರ ನಡುವೆ: ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ ನಕ್ಷೆ, ಮತ್ತು ಗಂಟೆಗೊಮ್ಮೆ ಹೊಸದಾಗುವ ಎಚ್‌ಆರ್‌ಆರ್‌ಆರ್ ಎಂಬ ಕಂಪ್ಯೂಟರ್ ಮಾಡೆಲ್. ನಕ್ಷೆಯಲ್ಲಿ ಆ ದಿನದ ಬಿರುಗಾಳಿಯ ಅಪಾಯಕ್ಕೆ ಮಾರ್ಜಿನಲ್‌ನಿಂದ (ಅತಿ ಕಡಿಮೆ) ಹೈ (ಅತಿ ಹೆಚ್ಚು) ತನಕ ಐದು ಮೆಟ್ಟಿಲು. ಎಚ್‌ಆರ್‌ಆರ್‌ಆರ್ ನೋಡಲು ತುಂಬಾ ಆಕರ್ಷಕ. ಸಂಜೆ ಆರಕ್ಕೆ ಮೋಡ ಯಾವ ಊರಿನ ಮೇಲೆ ಅಂತ ಚಿತ್ರವನ್ನೇ ಬಿಡಿಸಿ ಕೊಡುತ್ತದೆ. ಆ ಚಿತ್ರವನ್ನು ಊರಿನ ಮಟ್ಟಕ್ಕೆ ನಂಬಬೇಡಿ. ಮುಂದಿನ ಗಂಟೆಯ ಲೆಕ್ಕದಲ್ಲಿ ಅದೇ ಮೋಡ 100 ಕಿಲೋಮೀಟರ್ ಆಚೆ ಹೋಗಿರಬಹುದು, ಪೂರ್ತಿ ಮಾಯವೂ ಆಗಿರಬಹುದು. ಮಕ್ಕಳ ಕ್ಲಾಸು, ಪಾರ್ಟಿ ಮುಂದೂಡಬೇಕಾ ಅನ್ನುವುದಕ್ಕೆ ನಾನು ಬೆಳಗಿನ ನಕ್ಷೆ ನೋಡುತ್ತೇನೆ. ಬಿರುಗಾಳಿ ಸುಮಾರು ಎಷ್ಟು ಹೊತ್ತಿಗೆ ಏಳಬಹುದು ಅನ್ನುವುದಕ್ಕೆ ಎಚ್‌ಆರ್‌ಆರ್‌ಆರ್‌ನ ನಾಲ್ಕೈದು ಲೆಕ್ಕ ಜೋಡಿಸಿ ನೋಡುತ್ತೇನೆ. ನಕ್ಷೆಯೂ ಪ್ರತಿ ಸಲ ಹೇಳಿದಂತೆಯೇ ಆಗುವುದಿಲ್ಲ. 2019ರ ಮೇ 20ಕ್ಕೆ ಹೈ ಅಂದಿದ್ದರು. ಓಕ್ಲಹೋಮಾದಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಹೆದರಿದಷ್ಟು ಭೀಕರ ಟೊರ್ನಾಡೊಗಳು ಬರಲಿಲ್ಲ. ಅಂಥ ದಿನ ಮತ್ತೆ ಬಂದರೂ ನಾನು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ.

ಬೀದಿಯ ಸೈರನ್ ಇರುವುದು ಹೊರಗಿದ್ದವರಿಗಾಗಿ. ಎಸಿ ಹಾಕಿ ಬಾಗಿಲು ಮುಚ್ಚಿ ಮಲಗಿದರೆ ಕೇಳಿಸುತ್ತದೆ ಅಂತ ಭರವಸೆ ಇಲ್ಲ. 2017ರ ಏಪ್ರಿಲ್‌ನಲ್ಲಿ ಯಾರೋ ಹ್ಯಾಕ್ ಮಾಡಿ ಡಾಲಸ್‌ನ 156 ಸೈರನ್‌ಗಳನ್ನು ನಡುರಾತ್ರಿ ಹೊತ್ತಿಗೆ ಕೂಗಿಸಿದ್ದೂ ಉಂಟು. ಟಿವಿ ಚೆನ್ನಾಗಿಯೇ ಇದೆ, ರಸ್ತೆಯ ಹೆಸರು ಹಿಡಿದು ಹೇಳುತ್ತಾರೆ. ಕರೆಂಟ್ ಇರುವ ತನಕ.

ದುಡ್ಡು ಒಂದಕ್ಕೇ ಇದ್ದರೆ ರೇಡಿಯೋ. ಎರಡನೆಯದು ರೇಡಾರ್‌ಸ್ಕೋಪ್. ಇಲ್ಲಿನ ಮನೆಗಳಲ್ಲಿ ನೆಲಮಾಳಿಗೆ ಇರುವುದೇ ಅಪರೂಪ. ಹಾಗಾಗಿ ಕೆಳ ಅಂತಸ್ತಿನಲ್ಲಿ ಕಿಟಕಿ ಇಲ್ಲದ ಬಾತ್‌ರೂಮೋ ಕ್ಲಾಸೆಟ್ಟೋ ಯಾವುದು ಅಂತ ಈಗಲೇ ಗುರುತು ಮಾಡಿಡಿ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದರೆ ಕೆಳಗಿನ ಮನೆಯವರ ಹತ್ತಿರ ಈ ವಾರವೇ ಮಾತಾಡಿ, ರಾತ್ರಿ ಬಾಗಿಲು ಬಡಿದರೆ ತೆಗೆಯಿರಿ ಅಂತ.